ಓದು ಬರುತ್ತದೆ, ಅರ್ಥ ದಕ್ಕುವುದಿಲ್ಲ: ಹೈಸ್ಕೂಲು ಮಕ್ಕಳಿಗೆ ಏನು ಮಾಡಬಹುದು?

ವಿಜ್ಞಾನದ ಒಂದು ಪ್ಯಾರಾವನ್ನು ತಡವರಿಸದೆ ಓದಿ ಮುಗಿಸಿದ ಒಂಬತ್ತನೇ ತರಗತಿಯ ಹುಡುಗಿಯನ್ನು 'ಏನು ಓದಿದೆಯಮ್ಮ, ಹೇಳು' ಎಂದು ಕೇಳಿದರೆ ತಲೆ ತಗ್ಗಿಸುತ್ತಾಳೆ. ಆದರೆ ಅವಳ ನೋಟ್ಸಿನಲ್ಲಿ ಅಭ್ಯಾಸದ ಪ್ರಶ್ನೆಗಳಿಗೆಲ್ಲ ಸರಿಯುತ್ತರವಿರುತ್ತದೆ. ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿದೆಯೆಂದು ಹುಡುಕಿ ಆ ಸಾಲನ್ನು ಇಳಿಸಿಕೊಳ್ಳಲು ಅರ್ಥ ಬೇಕಿಲ್ಲ. ಹೀಗೆಯೇ ಎಷ್ಟೋ ಮಕ್ಕಳು ಯಾರ ಗಮನಕ್ಕೂ ಬಾರದೆ ಎಸ್‌ಎಸ್‌ಎಲ್‌ಸಿವರೆಗೆ ತಲುಪಿಬಿಡುತ್ತಾರೆ.

ಮೊದಲು ತೊಡಕು ಎಲ್ಲಿದೆಯೆಂದು ನೋಡಬೇಕು. ಅಕ್ಷರ ಬಿಡಿಸಿ ಓದುವ ಶಕ್ತಿ, ಭಾಷೆಯನ್ನು ಕೇಳಿ ತಿಳಿಯುವ ಶಕ್ತಿ, ಇವೆರಡರ ಗುಣಲಬ್ಧವೇ ಓದಿನ ಗ್ರಹಿಕೆ ಎಂದು ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಹೇಳಿದರು. ಒಂದು ಸೊನ್ನೆಯಾದರೂ ಫಲ ಸೊನ್ನೆ. ತರಗತಿಯಲ್ಲಿ ಇದನ್ನು ಪತ್ತೆಹಚ್ಚುವುದು ಸುಲಭ: ಪ್ಯಾರಾವನ್ನು ನೀವೇ ಓದಿ ಹೇಳಿ, ಆಮೇಲೆ ಪ್ರಶ್ನೆ ಕೇಳಿ. ಕೇಳಿಸಿಕೊಂಡಾಗ ಅರ್ಥವಾದರೆ ತೊಡಕು ಅಕ್ಷರದ್ದು, ಒತ್ತಕ್ಷರದ್ದು. ಅಂಥವರಿಗೆ ಒಂದೇ ಭಾಗವನ್ನು ದಿನವೂ ಸ್ವಲ್ಪ ಹೊತ್ತು ಮತ್ತೆ ಮತ್ತೆ ಜೋರಾಗಿ ಓದಿಸಬೇಕು. ಇಡೀ ಕ್ಲಾಸಿನ ಮುಂದೆ ಮಾತ್ರ ಬೇಡ, ಒಬ್ಬ ಜೊತೆಗಾರನ ಪಕ್ಕದಲ್ಲಿ ಸಾಕು. ಹದಿನಾಲ್ಕರ ವಯಸ್ಸಿಗೆ ಅವಮಾನ ಬೇಗ ತಟ್ಟುತ್ತದೆ.

ಕೇಳಿಸಿಕೊಂಡರೂ ತಿಳಿಯದಿದ್ದರೆ ವಾಕ್ಯದ ಒಳಕ್ಕೇ ಇಳಿಯಬೇಕು. 'ಬೇರುಗಳು ಮಣ್ಣಿನಿಂದ ಹೀರಿಕೊಂಡ ನೀರು ಕ್ಸೈಲಂ ನಾಳಗಳ ಮೂಲಕ ಎಲೆಗಳನ್ನು ತಲುಪುತ್ತದೆ' ಎಂಬ ಸಾಲನ್ನೇ ತೆಗೆದುಕೊಳ್ಳಿ. ತಲುಪುವುದು ಯಾವುದು ಎಂದರೆ 'ಬೇರು ಸಾರ್' ಎನ್ನುವ ಮಕ್ಕಳಿದ್ದಾರೆ. ಮೊದಲು ಸಿಕ್ಕ ಪದಕ್ಕೇ ಕೊನೆಯ ಕ್ರಿಯಾಪದವನ್ನು ಗಂಟುಹಾಕಿರುತ್ತಾರೆ. ಅದೇ ವಾಕ್ಯವನ್ನು ಎರಡು ಮಾಡಿ ಬೋರ್ಡಿನ ಮೇಲೆ ಬರೆಯಿರಿ: 'ಬೇರುಗಳು ಮಣ್ಣಿನಿಂದ ನೀರನ್ನು ಹೀರಿಕೊಳ್ಳುತ್ತವೆ. ಆ ನೀರು ಎಲೆಗಳನ್ನು ತಲುಪುತ್ತದೆ.' ಆಮೇಲೆ ಎರಡನ್ನೂ ಮಕ್ಕಳೇ ಒಂದು ವಾಕ್ಯವಾಗಿ ಕೂಡಿಸಲಿ. ನಮ್ಮ ಪಠ್ಯಪುಸ್ತಕಗಳ ಉದ್ದುದ್ದ ವಾಕ್ಯಗಳಿಗೆ ಇಷ್ಟು ಕೆಲಸಕ್ಕೆ ಬರುವ ಅಭ್ಯಾಸ ಬೇರೊಂದಿಲ್ಲ ಎಂದೇ ನನ್ನ ನಂಬಿಕೆ.

ಇಡೀ ಪ್ಯಾರಾದ ಮಟ್ಟದಲ್ಲಿ ಬಹಳ ಪರೀಕ್ಷೆಗೆ ಒಳಗಾದ ವಿಧಾನವೆಂದರೆ ಪ್ಯಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ವಿವರಿಸಿದ್ದು. ಓದಲು ಬರುವ, ಆದರೆ ಅರ್ಥ ಮಾಡಿಕೊಳ್ಳಲಾಗದ ಏಳನೇ ತರಗತಿಯ ಅಮೆರಿಕನ್ ಮಕ್ಕಳ ಜೊತೆ ಅವರು ಕೆಲಸ ಮಾಡಿದರು. ನಾಲ್ಕೈದು ಮಕ್ಕಳು ಒಂದು ಪುಟದ ಸುತ್ತ ಕೂರುತ್ತಾರೆ. ಪ್ರತಿ ಪ್ಯಾರಾಕ್ಕೂ ಅವರಲ್ಲೇ ಒಬ್ಬರು ಮೇಷ್ಟ್ರು. ಆ ಮೇಷ್ಟ್ರು ಒಂದು ಪ್ರಶ್ನೆ ಕೇಳಬೇಕು, ಸಾರಾಂಶ ಹೇಳಬೇಕು, ಗೊತ್ತಾಗದ ಕಡೆ ನಿಲ್ಲಿಸಿ ಬಿಡಿಸಿಕೊಳ್ಳಬೇಕು, ಮುಂದೇನು ಬರಬಹುದೆಂದು ಊಹಿಸಬೇಕು. ಎಡವುವುದು ಇಲ್ಲೇ: ನಿಯಮ ಹೇಳಿ ಗುಂಪು ಮಾಡಿಬಿಟ್ಟರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಮೊದಮೊದಲು ಶಿಕ್ಷಕರೇ ಓದುತ್ತ ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳಬೇಕು. 'ಇಲ್ಲಿ "ಅದು" ಅಂದಿದ್ದಾರಲ್ಲ, ಯಾವುದು? ಹಿಂದಿನ ಸಾಲಿಗೆ ಹೋಗಿ ನೋಡ್ತೀನಿ.' ಕ್ರಮೇಣ ಹಿಂದೆ ಸರಿಯಬೇಕು.

ವಿಧಾನವಷ್ಟೇ ಸಾಲದು, ವಿಷಯದ ಹಿನ್ನೆಲೆಯೂ ಗೊತ್ತಿರಬೇಕು. ಆ ತಿಳಿವಳಿಕೆಯ ಬಲವನ್ನು 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ತೋರಿಸಿಕೊಟ್ಟರು. ಬೇಸ್‌ಬಾಲ್ ಪಂದ್ಯದ ವರ್ಣನೆಯನ್ನು ಓದಿದಾಗ, ಆಟ ಬಲ್ಲ ದುರ್ಬಲ ಓದುಗರು ಆಟ ತಿಳಿಯದ ಜಾಣ ಓದುಗರಿಗಿಂತ ಹೆಚ್ಚು ನೆನಪಿಟ್ಟುಕೊಂಡರು. ಹಾಗಾಗಿ ಬ್ಯಾಂಕ್ ಕುರಿತ ಪಾಠಕ್ಕೆ ಮೊದಲು ಮನೆಯ ಪಾಸ್‌ಬುಕ್ ತರಲು ಹೇಳಿ, ಜಮಾ ಎಲ್ಲಿದೆ, ಬಡ್ಡಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದರೆ ಆ ಪೀರಿಯಡ್ ವ್ಯರ್ಥವಾಗುವುದಿಲ್ಲ.

ಕಲಿತರೋ ಇಲ್ಲವೋ ನೋಡಲು ಪಾಠದಿಂದ ಇಳಿಸಿಕೊಳ್ಳಲಾಗದ ಪ್ರಶ್ನೆ ಬೇಕು. ಕ್ಸೈಲಂ ಎಂದರೇನು ಎಂದು ಕೇಳುವ ಬದಲು, ಕಿತ್ತಿಟ್ಟ ಗಿಡದ ಎಲೆ ಏಕೆ ಬಾಡುತ್ತದೆ ಎಂದು ಕೇಳಿ. ಪುಸ್ತಕ ತೆರೆದೇ ಉತ್ತರಿಸಲಿ, ತಮ್ಮ ಆಡುಮಾತಿನಲ್ಲೇ ಹೇಳಲಿ.