ದ್ರಾವಕದ ಆವಿ: ಕಾಣದ ಕೇಡು

ಅರಳಗುಪ್ಪೆಯ ಸುತ್ತಣ ತೆಂಗಿನ ಸೀಮೆಯವರಿಗೆ ಗಾಣವೂ ಹಿಂಡಿಯೂ ಹೊಸತಲ್ಲ. ಯಂತ್ರಗಾಣದಲ್ಲಿ ಕೊಬ್ಬರಿಯನ್ನು ಎಷ್ಟು ಹಿಂಡಿದರೂ ಹಿಂಡಿಯಲ್ಲಿ ಕೊಂಚ ಎಣ್ಣೆ ಉಳಿದೇ ಉಳಿಯುವುದು. ಅದನ್ನು ತೆಗೆಯಲು ದೊಡ್ಡ ಕಾರ್ಖಾನೆಗಳು ಪೆಟ್ರೋಲಿಯಂನಿಂದ ದೊರೆಯುವ ಹೆಕ್ಸೇನ್ ಎಂಬ ದ್ರಾವಕವನ್ನು ಬಳಸುತ್ತವೆ. ಇದು ಸುಮಾರು 69 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕುದಿಯುವುದಾದರೂ, ತೆರೆದಿಟ್ಟರೆ ಸಾಮಾನ್ಯ ಹವೆಯಲ್ಲಿಯೇ ಆವಿಯಾಗುತ್ತದೆ.

ಈ ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರ. ಆದುದರಿಂದ ನೆಲವನ್ನೇ ಹಿಡಿದು ಹರಿದು ತಗ್ಗುಗಳಲ್ಲಿ, ಚರಂಡಿಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದು ಭಾಗಕ್ಕಿಂತ ತುಸು ಹೆಚ್ಚು ಬೆರೆತರೂ ದೂರದ ಬೀಡಿಯ ಕಿಡಿಯೊಂದು ಸ್ಫೋಟಕ್ಕೆ ಸಾಕು. ಬರಿದಾದ ಪೀಪಾಯಿಯಲ್ಲೂ ಆವಿ ಉಳಿದಿರುವುದರಿಂದ ಅದನ್ನು ಬೆಸೆಯುವುದು, ಕತ್ತರಿಸುವುದು ಪ್ರಾಣಾಪಾಯಕರ.

ಎರಡನೆಯ ಕೇಡು ನಿಧಾನವಾದುದು. 1960ರ ದಶಕದಲ್ಲಿ ಜಪಾನಿನ ಪಾದರಕ್ಷೆ ಕೆಲಸಗಾರರು ಹೆಕ್ಸೇನ್ ಬೆರೆತ ಅಂಟಿನ ಆವಿಯನ್ನು ದಿನವೂ ಉಸಿರಾಡಿ ಕೈಕಾಲುಗಳ ಜೋಮಿಗೂ ಬಲಹೀನತೆಗೂ ಗುರಿಯಾದರು. ದೇಹವು ಹೆಕ್ಸೇನನ್ನು ನರಗಳನ್ನು ಕೆಡಿಸುವ ವಸ್ತುವನ್ನಾಗಿ ಮಾರ್ಪಡಿಸುವುದೇ ಇದಕ್ಕೆ ಕಾರಣ.

ಹೀಗಾಗಿ ಕೆಲಸದೆಡೆಯಲ್ಲಿ ನೆಲಮಟ್ಟದ ಆವಿಯನ್ನು ಹೊರದೂಡುವ ಏರ್ಪಾಡು, ಪಾತ್ರೆಗಳಿಗೆ ಭೂಸಂಪರ್ಕ, ಬಿಗಿಯಾದ ಮುಚ್ಚಳ ಇವು ಅವಶ್ಯ. ಬಾಯಿಗೆ ಕಟ್ಟಿದ ಬಟ್ಟೆ ಆವಿಯನ್ನು ತಡೆಯಲಾರದು. 1984ರ ಭೋಪಾಲ ದುರಂತದ ತರುವಾಯ, 1987ರಲ್ಲಿ ತಿದ್ದುಪಡಿಗೊಂಡ ಕಾರ್ಖಾನೆಗಳ ಕಾಯಿದೆಯು ಇಂತಹ ಅಪಾಯಗಳನ್ನು ಕೆಲಸಗಾರರಿಗೆ ತಿಳಿಸುವುದು ಮಾಲೀಕರ ಕರ್ತವ್ಯವೆಂದು ವಿಧಿಸಿತು. ನಾಳೆ ಕಾರ್ಖಾನೆಯ ಬಾಗಿಲು ದಾಟುವ ವಿದ್ಯಾರ್ಥಿಯು ಕೂಲಿಯನ್ನು ಕೇಳುವಂತೆಯೇ ಪೀಪಾಯಿಯಲ್ಲಿ ಏನಿದೆಯೆಂಬುದನ್ನೂ ಕೇಳಿ ತಿಳಿಯಬೇಕು. ದುಡಿಮೆ ಬದುಕಿಗಾಗಿ ಅಲ್ಲವೇ?