ನೌಕರಿ ಹತ್ತದ ದಿನಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ನೌಕರಿ ಸಿಗುವುದಿಲ್ಲ, ಹತ್ತುತ್ತದೆ. "ನೌಕರಿ ಹತ್ತಿತೇನ್ ತಮ್ಮಾ?" ಎಂದು ಕಟ್ಟೆಯ ಮೇಲೆ ಕುಳಿತ ಕಾಕಾ ಕೇಳುತ್ತಾರೆ. ಒಲೆ ಹತ್ತಿತೇ ಎಂದು ಕೇಳುವುದಕ್ಕೂ ಇದೇ ಮಾತು. ಒಲೆ ಹತ್ತದಿದ್ದರೆ ನಾವು ಕಡ್ಡಿಯೊಂದನ್ನೇ ಬೈಯುವುದಿಲ್ಲ. ಕಟ್ಟಿಗೆ ಹಸಿ ಇದೆಯೇ, ಗಾಳಿ ಎತ್ತಲಿಂದ ಬೀಸುತ್ತಿದೆ ಎಂದೂ ನೋಡುತ್ತೇವೆ. ನೌಕರಿ ಹತ್ತದಿದ್ದರೆ ಮಾತ್ರ ಎಲ್ಲರೂ ಹುಡುಗನನ್ನೇ ನೋಡುತ್ತಾರೆ. ಹುಡುಗನೂ ತನ್ನನ್ನೇ ನೋಡಿಕೊಳ್ಳುತ್ತಾನೆ. ಈ ಅಧ್ಯಾಯ ಆ ನೋಟದ ಬಗ್ಗೆ.

ಮೂರು ಬಗೆಯ 'ಇಲ್ಲ'

ಮೊದಲನೆಯದು ಸ್ಪರ್ಧೆಯ ಇಲ್ಲ: ಅಂಕ ಬಂದವು, ಕಟ್‌ಆಫ್ ಮುಟ್ಟಲಿಲ್ಲ. ಎರಡನೆಯದು ಅಳತೆಯ ಇಲ್ಲ: ಎತ್ತರ, ಎದೆ, ವಯಸ್ಸು, ದಾಖಲೆ. ಬೆಳಗಾವಿಯ ಮಿಲಿಟರಿ ಭರ್ತಿಗೆ ಓಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೂರನೆಯದು ವ್ಯವಸ್ಥೆಯ ಇಲ್ಲ. ಇದರಲ್ಲಿ ಅಭ್ಯರ್ಥಿ ಬೀಳುವುದಿಲ್ಲ, ಪರೀಕ್ಷೆಯೇ ಬೀಳುತ್ತದೆ.

ಮೂರನೆಯದಕ್ಕೆ ನಮ್ಮ ಕಾಲದ ದೊಡ್ಡ ಉದಾಹರಣೆ 545 ಪಿಎಸ್‌ಐ ಹುದ್ದೆಗಳದ್ದು. 2021ರ ಅಕ್ಟೋಬರ್ 3ರಂದು ಸುಮಾರು 54 ಸಾವಿರ ಮಂದಿ ಬರೆದ ಆ ಪರೀಕ್ಷೆ, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಗೋಕಾಕದವರಿಗೆ ಇನ್ನೂ ಹತ್ತಿರದ ನೆನಪಿದೆ. 2022ರ ಆಗಸ್ಟ್ 7ರ ಕೆಪಿಟಿಸಿಎಲ್ ಕಿರಿಯ ಸಹಾಯಕರ ಪರೀಕ್ಷೆಯಲ್ಲಿ ಇಲ್ಲಿನ ಕೇಂದ್ರದಿಂದ ಸ್ಮಾರ್ಟ್‌ವಾಚ್ ಮೂಲಕ ಪ್ರಶ್ನೆಪತ್ರಿಕೆ ಹೊರಗೆ ಹೋಯಿತೆಂಬ ಆರೋಪದಲ್ಲಿ ಪೊಲೀಸರು ಹಲವರನ್ನು ಬಂಧಿಸಿದರು. ಪ್ರಾಮಾಣಿಕವಾಗಿ ಓದಿ ಬರೆದವರ ಮನಸ್ಸಿಗೆ ಅಂಥ ಸುದ್ದಿ ಏನು ಮಾಡುತ್ತದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಹತ್ತರ ಲೆಕ್ಕ

ಜನ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ನಡೆಯೋಣ. ಮೇಲಿನ ಪಿಎಸ್‌ಐ ಪರೀಕ್ಷೆ ಬರೆದವರೆಲ್ಲ ಸಮಾನ ಪ್ರತಿಭಾವಂತರು ಎಂದುಕೊಳ್ಳಿ. ಆಗಲೂ 53 ಸಾವಿರಕ್ಕೂ ಹೆಚ್ಚು ಮಂದಿ ಹೊರಗುಳಿಯಲೇಬೇಕು. ಎಷ್ಟು ಮಂದಿ ಬೀಳಬೇಕು ಎಂಬುದನ್ನು ಹುದ್ದೆಗಳ ಸಂಖ್ಯೆ ಮೊದಲೇ ತೀರ್ಮಾನಿಸಿರುತ್ತದೆ, ಬರೆದವರ ಯೋಗ್ಯತೆಯಲ್ಲ.

"ಆದರೆ ಸರ್, ನಾನು ಹತ್ತು ಪರೀಕ್ಷೆ ಬರೆದೀನಿ" ಎಂದು ನನ್ನ ತರಗತಿಯಲ್ಲಿ ಯಾರಾದರೂ ಹೇಳುತ್ತಾರೆ. ಸರಿ, ಪ್ರತಿ ಪರೀಕ್ಷೆಯಲ್ಲೂ ನಿಮಗೆ ಹತ್ತರಲ್ಲಿ ಒಂದು ಅವಕಾಶವಿದೆ ಎನ್ನೋಣ. ಇದು ಬಹಳ ಉದಾರವಾದ ಲೆಕ್ಕ. ಹತ್ತು ಬರೆದರೆ ಒಂದಾದರೂ ಹತ್ತಲೇಬೇಕಲ್ಲವೇ? ಇಲ್ಲ. ಒಂದೊಂದರಲ್ಲೂ ಬೀಳುವ ಸಾಧ್ಯತೆ 0.9, ಅದನ್ನು ಹತ್ತು ಸಲ ಗುಣಿಸಿದರೆ ಸುಮಾರು 0.35. ಅಂದರೆ ಇಂಥ ನೂರು ಮಂದಿಯಲ್ಲಿ 35 ಮಂದಿ ಹತ್ತರಲ್ಲೂ ಬರಿಗೈಯಲ್ಲಿ ಬರುತ್ತಾರೆ. ಅವಕಾಶ ಇಪ್ಪತ್ತರಲ್ಲಿ ಒಂದಾದರೆ ಬರಿಗೈಯವರು 60. ಬೋರ್ಡಿನ ಮೇಲೆ ಈ ಗುಣಾಕಾರ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬರು ನಿಟ್ಟುಸಿರು ಬಿಡುತ್ತಾರೆ. ಆ ಸದ್ದಿಗಾಗಿಯೇ ನಾನು ಲೆಕ್ಕ ಮಾಡಿಸುತ್ತೇನೆ ಎಂದರೂ ತಪ್ಪಿಲ್ಲ.

ಎಚ್ಚರಿಕೆಯ ಒಂದು ಮಾತು: ಪರೀಕ್ಷೆ ನಾಣ್ಯ ಚಿಮ್ಮಿದಂತಲ್ಲ. ಓದು ಸುಧಾರಿಸಿದರೆ ಅವಕಾಶವೂ ಏರುತ್ತದೆ. ಪ್ರತಿ ಸಲವೂ ಗಣಿತದಲ್ಲೇ ಅಂಕ ಹೋಗುತ್ತಿದ್ದರೆ ಅದು ದುರದೃಷ್ಟವಲ್ಲ, ಮಾಹಿತಿ. ಅದಕ್ಕೇ ನನ್ನ ಸಲಹೆ: 'ಇಲ್ಲ'ಗಳನ್ನು ಕೂಡಿಸಬೇಡಿ, ವಿಂಗಡಿಸಿ. ಸ್ಪರ್ಧೆಯ ಇಲ್ಲ, ಅಳತೆಯ ಇಲ್ಲ, ವ್ಯವಸ್ಥೆಯ ಇಲ್ಲ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಹೊತ್ತವರ ಬೆನ್ನು ಬಾಗುತ್ತದೆ. ಬಿಚ್ಚಿ ನೋಡಿದರೆ ಅದರಲ್ಲಿ ತಮ್ಮದೆಂಬುದು ಸ್ವಲ್ಪವೇ ಇರುತ್ತದೆ.

ಕೈಗೂ ಫಲಕ್ಕೂ ನಡುವಿನ ದಾರ

1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ಏನು ಮಾಡಿದರೂ ನಿಲ್ಲದ ವಿದ್ಯುತ್ ಆಘಾತ ಉಂಡ ನಾಯಿಗಳಲ್ಲಿ ಬಹುಪಾಲು, ಆಮೇಲೆ ಗಿಡ್ಡ ಅಡ್ಡಗಟ್ಟೆ ಜಿಗಿದರೆ ಪಾರಾಗಬಹುದಿದ್ದರೂ ಸುಮ್ಮನೆ ಮಲಗಿದವು. 'ಕಲಿತ ನಿಸ್ಸಹಾಯಕತೆ' ಎಂಬ ಹೆಸರು ಹುಟ್ಟಿದ್ದು ಹೀಗೆ. ಪರೀಕ್ಷೆಯೇ ರದ್ದಾದಾಗ, ಅಡ್ಡದಾರಿ ಹಿಡಿದವರ ಸುದ್ದಿ ಬಂದಾಗ ಓದುವವರ ಮನಸ್ಸಿನಲ್ಲಿ ಆಗುವುದೂ ಇದೇ: ಓದಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಇಲ್ಲಿಯವರೆಗೆ ಅನೇಕರಿಗೆ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ಸುಮಾರು ಅರ್ಧ ಶತಮಾನದ ನಂತರ, 2016ರಲ್ಲಿ, ಇದೇ ಇಬ್ಬರು ತಮ್ಮ ಸಿದ್ಧಾಂತವನ್ನು ತಾವೇ ತಿರುಗಿಸಿದರು. (ವಿಜ್ಞಾನದಲ್ಲಿ ನನಗೆ ಇಷ್ಟವಾಗುವ ಧೈರ್ಯ ಇದು.) ಕಷ್ಟ ಬಹಳ ದಿನ ಬಿಡದೆ ಬಡಿದರೆ ಸುಮ್ಮನಾಗುವುದು ಕಲಿಕೆಯಲ್ಲ, ಜೀವದ ಸಹಜ ಗುಣ, ಮಿದುಳು ಕಲಿಯಬೇಕಾದದ್ದು 'ನನಗೆ ಹಿಡಿತವಿದೆ' ಎಂಬುದನ್ನು, ಎಂದರು. ಇದರ ಅರ್ಥ ದೊಡ್ಡದು. ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ ಮಗ ಸೋಮಾರಿತನ ಕಲಿತಿಲ್ಲ. ಅವನನ್ನು ಬೈದು ಎಬ್ಬಿಸಲಾಗದು. ಮಾಡಿದ್ದಕ್ಕೆ ಫಲ ಕಾಣುವ ಸಣ್ಣ ಕೆಲಸಗಳಿಂದ, ಕೈಗೂ ಫಲಕ್ಕೂ ನಡುವೆ ಕಡಿದ ದಾರವನ್ನು ಮತ್ತೆ ಹೊಸೆಯಬೇಕು. ಹೊಲಕ್ಕೆ ನೀರು ಹಾಯಿಸುವುದು, ಓಣಿಯ ಎರಡು ಮಕ್ಕಳಿಗೆ ಗಣಿತ ಹೇಳುವುದು, ದಿನಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ ಮುಗಿಸುವುದು.

ಗಡಿಯಾರ ಹಿಡಿದು ನಿಂತವರು

ಕೆಲಸವಿಲ್ಲದ ದಿನಗಳು ಮನಸ್ಸಿಗಷ್ಟೇ ಅಲ್ಲ, ನಡಿಗೆಗೂ ತಟ್ಟುತ್ತವೆ. ವಿಯೆನ್ನಾ ಹತ್ತಿರದ ಮಾರಿಯೆಂತಾಲ್ ಒಂದು ಗಿರಣಿಯ ಹಳ್ಳಿಯಾಗಿತ್ತು. ಗೋಕಾಕ ಫಾಲ್ಸ್‌ನ ಗಿರಣಿ ಕಂಡವರು ಅದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಾಗ ಮಾರೀ ಯಾಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಸಂಶೋಧಕರ ತಂಡ ಅಧ್ಯಯನಕ್ಕೆಂದು ಅಲ್ಲಿಗೆ ಹೋಯಿತು. 1933ರಲ್ಲಿ ಅವರ ಪುಸ್ತಕ ಬಂತು. ಅವರು ಕಿಟಕಿಯಲ್ಲಿ ಗಡಿಯಾರ ಹಿಡಿದು ನಿಂತು ಬೀದಿಯಲ್ಲಿ ಜನ ನಡೆಯುವ ವೇಗ ಅಳೆದರು! ಗಂಡಸರು ನಿಧಾನವಾಗಿ, ನಿಂತು ನಿಂತು ನಡೆಯುತ್ತಿದ್ದರು. ಮನೆಗೆಲಸ ಬಿಡದ ಹೆಂಗಸರು ಚುರುಕಾಗಿದ್ದರು. ಓದಲು ಸಮಯ ಹೆಚ್ಚಿದ್ದರೂ ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳು ಕಡಿಮೆಯಾಗಿದ್ದವು. ಕೆಲಸ ಸಂಬಳದ ಜೊತೆಗೆ ದಿನಕ್ಕೊಂದು ಆಕಾರ, ಮನೆಯಾಚೆಯ ಒಡನಾಟ, ಗುರಿ, ಸ್ಥಾನಮಾನ ಎಲ್ಲವನ್ನೂ ಕೊಡುತ್ತದೆ ಎಂದು ಯಾಹೋದಾ ಮುಂದೆ ವಿವರಿಸಿದರು.

ಹಾಗಾಗಿ ಉದ್ಯೋಗ ಹುಡುಕುವವರು ಮೊದಲು ಕಾಯಬೇಕಾದದ್ದು ದಿನದ ಆಕಾರವನ್ನು. ಕಬ್ಬಿನ ಬಿಲ್ಲಿನ ದುಡ್ಡಲ್ಲಿ ಧಾರವಾಡಕ್ಕೆ ಹೋಗಿ ರೂಮು ಮಾಡಿ ಓದುವವರಿಗೆ ಅದು ಸಹಪಾಠಿಗಳಿಂದ ಸಿಗುತ್ತದೆ. ಊರಿಗೆ ಮರಳಿದವರಿಗೆ ಒಮ್ಮೆಲೇ ತಪ್ಪಿಹೋಗುತ್ತದೆ. ಹೆಣ್ಣುಮಕ್ಕಳ ಮೇಲೆ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ: "ಇದೊಂದು ಪರೀಕ್ಷೆ ಬರಿ, ಆಮೇಲೆ ವರ ನೋಡೋಣು." ಮನೆಯವರು ಫಲಿತಾಂಶ ಕೇಳುವ ಬದಲು "ಇವತ್ತು ಏನು ಓದಿದಿ?" ಎಂದು ಕೇಳಿದರೆ ಅರ್ಧ ಭಾರ ಇಳಿದೀತು. ಬದುಕೇ ಬೇಡ ಎನ್ನಿಸುವಷ್ಟು ಕತ್ತಲೆಯಾದರೆ 14416ಕ್ಕೆ, ಅಂದರೆ ಟೆಲಿ-ಮಾನಸ್ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಿಲ್ಲ.

ಸಾರಾಂಶ ಬರೆಯಬೇಕಾದ ಜಾಗದಲ್ಲಿ ಒಂದು ಬೇಡಿಕೆ ಇಡುತ್ತೇನೆ. ಮಾರಿಯೆಂತಾಲ್‌ನಂಥ ಅಧ್ಯಯನ ನಮ್ಮ ಮೂರು ತಾಲೂಕುಗಳಿಗೂ ಬೇಕು. ಎಷ್ಟನೆಯ 'ಇಲ್ಲ'ದ ನಂತರ ಅರ್ಜಿ ಹಾಕುವುದು ನಿಲ್ಲುತ್ತದೆ? ವಯೋಮಿತಿ ಮುಗಿದ ಮರುವರ್ಷ ಅವರೆಲ್ಲ ಎಲ್ಲಿರುತ್ತಾರೆ: ಹೊಲದಲ್ಲೋ, ಸಂಕೇಶ್ವರದ ಅಂಗಡಿಯಲ್ಲೋ, ಪುಣೆಯ ಬಸ್ಸಿನಲ್ಲೋ? ಆಯ್ಕೆಯಾದವರ ಪಟ್ಟಿ ಗೋಡೆಗೆ ಹಚ್ಚುತ್ತಾರೆ. ಆಗದವರ ದಾಖಲೆ ಯಾರ ಕೈಯಲ್ಲೂ ಇಲ್ಲ. ಸಮಾಜಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರೇ, ನಿಮ್ಮೂರ ಗ್ರಂಥಾಲಯದ ಹಾಜರಿ ಪುಸ್ತಕದಿಂದಲೇ ಶುರುಮಾಡಿ.