ಅರ್ಜುನನ ಭಾರ, ಭೀಷ್ಮನ ಅಪಾಯ: ಯಾವ ಟ್ಯಾಂಕ್ ಮೇಲು?

ರಷ್ಯಾ ಮೂಲದ ಟಿ-90 ‘ಭೀಷ್ಮ’ ಮತ್ತು ಸ್ವದೇಶಿ ‘ಅರ್ಜುನ್’ ಪೈಕಿ ಯಾವುದು ಉತ್ತಮ ಯುದ್ಧ ಟ್ಯಾಂಕ್? ಎರಡು ದಶಕಗಳಿಂದ ನಡೆದಿರುವ ಈ ಚರ್ಚೆಗೆ ಒಂದೇ ಮಾತಿನ ಉತ್ತರವಿಲ್ಲ. ಏಕೆಂದರೆ ಟ್ಯಾಂಕಿಗೆ ಬೇಕಾದ ಮೂರು ಗುಣಗಳಾದ ಹೊಡೆಯುವ ಶಕ್ತಿ, ಕವಚದ ರಕ್ಷಣೆ ಹಾಗೂ ಚಲನೆ ಒಂದಕ್ಕೊಂದು ಪೈಪೋಟಿಯಲ್ಲಿವೆ. ಕವಚ ದಪ್ಪವಾದಷ್ಟೂ ತೂಕ ಏರುತ್ತದೆ; ತೂಕ ಇಳಿಸಿದರೆ ಒಳಗಿರುವ ಯೋಧನ ಪ್ರಾಣಕ್ಕೆ ಅಪಾಯ.

ಎರಡೂ ಟ್ಯಾಂಕ್‌ಗಳ ಸ್ಥೂಲ ಪರಿಚಯ ಹೀಗಿದೆ:

* ಟಿ-90: ತೂಕ 46.5 ಟನ್, ಎಂಜಿನ್ 1,000 ಅಶ್ವಶಕ್ತಿ, 125 ಮಿ.ಮೀ. ಫಿರಂಗಿ, ಮೂವರು ಸಿಬ್ಬಂದಿ.
* ಅರ್ಜುನ್: ತೂಕ 58.5 ಟನ್, ಎಂಜಿನ್ 1,400 ಅಶ್ವಶಕ್ತಿ, 120 ಮಿ.ಮೀ. ಫಿರಂಗಿ, ನಾಲ್ವರು ಸಿಬ್ಬಂದಿ.

ಟಿ-90: ಹಗುರ, ಆದರೆ...

310 ಟಿ-90 ಟ್ಯಾಂಕ್‌ಗಳಿಗಾಗಿ ಭಾರತ 2001ರಲ್ಲಿ ಒಪ್ಪಂದ ಮಾಡಿಕೊಂಡಿತು. ನಂತರ ಚೆನ್ನೈ ಸಮೀಪದ ಆವಡಿಯ ಕಾರ್ಖಾನೆಯಲ್ಲೇ ಅವುಗಳ ತಯಾರಿಕೆ ಆರಂಭವಾಯಿತು. ಗಾತ್ರ ಚಿಕ್ಕದು, ಎತ್ತರ ಕಡಿಮೆ. ಹೀಗಾಗಿ ಶತ್ರುವಿನ ಕಣ್ಣಿಗೆ ಬೀಳುವುದು ಕಷ್ಟ. ಫಿರಂಗಿಯ ನಳಿಕೆಯಿಂದಲೇ ಕ್ಷಿಪಣಿಯನ್ನೂ ಹಾರಿಸಬಲ್ಲದು. ಗುಂಡು ತುಂಬುವ ಕೆಲಸವನ್ನು ಯಂತ್ರವೇ ಮಾಡುವುದರಿಂದ ಒಬ್ಬ ಸಿಬ್ಬಂದಿ ಕಡಿಮೆ ಸಾಕು.

ಈ ಅನುಕೂಲದಲ್ಲೇ ಅಪಾಯವೂ ಅಡಗಿದೆ. ಯಂತ್ರಕ್ಕೆ ಒದಗುವ 22 ಗುಂಡುಗಳು ಸಿಬ್ಬಂದಿಯ ಕಾಲಡಿಯಲ್ಲೇ ಚಕ್ರಾಕಾರವಾಗಿ ಜೋಡಣೆಗೊಂಡಿರುತ್ತವೆ. ಕವಚ ಸೀಳಿ ಬೆಂಕಿ ಅಲ್ಲಿಗೆ ತಲುಪಿದರೆ ಬದುಕುಳಿಯುವ ಅವಕಾಶ ತೀರಾ ಕಡಿಮೆ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋದ ಬಳಿಕ ಇದೇ ವಿನ್ಯಾಸದ ಟ್ಯಾಂಕ್‌ಗಳ ಮೇಲ್ಭಾಗವೇ ಫಿರಂಗಿ ಸಮೇತ ಕಿತ್ತುಹೋದ ದೃಶ್ಯಗಳನ್ನು ಜಗತ್ತು ಕಂಡಿತು.

ಅರ್ಜುನ್: ಭದ್ರ, ಆದರೆ...

1974ರಲ್ಲಿ ಮಂಜೂರಾದ ಅರ್ಜುನ್ ಯೋಜನೆಯ ಮೊದಲ ಟ್ಯಾಂಕ್‌ಗಳು ಸೇನೆಯ ಕೈಸೇರಿದ್ದು 2004ರಲ್ಲಿ. ಹೈದರಾಬಾದಿನ ಪ್ರಯೋಗಾಲಯ ರೂಪಿಸಿದ ‘ಕಾಂಚನ್’ ಕವಚ ಇದರ ಹೆಗ್ಗಳಿಕೆ. ಅನಿಲ ಮತ್ತು ತೈಲದ ಒತ್ತಡ ಬಳಸುವ ಆಘಾತ ನಿರೋಧಕ ವ್ಯವಸ್ಥೆಯಿಂದಾಗಿ ಉಬ್ಬುತಗ್ಗಿನ ನೆಲದಲ್ಲಿ ಓಡುತ್ತಲೇ ಗುರಿಯಿಟ್ಟು ಹೊಡೆಯಬಲ್ಲದು. 2010ರಲ್ಲಿ ರಾಜಸ್ಥಾನದ ಮರುಭೂಮಿಯಲ್ಲಿ ಎರಡನ್ನೂ ಹೋಲಿಸಿ ನಡೆದ ಪರೀಕ್ಷೆಯಲ್ಲಿ ಅರ್ಜುನ್ ಉತ್ತಮ ಸಾಮರ್ಥ್ಯ ತೋರಿತು.

ತೂಕವೇ ಇದರ ದೊಡ್ಡ ತೊಡಕು. ಪಂಜಾಬಿನ ಕಾಲುವೆಗಳ ಮೇಲಿನ ಸೇತುವೆಗಳು, ರೈಲ್ವೆ ವ್ಯಾಗನ್‌ಗಳು, ಸಾಗಣೆ ಟ್ರೈಲರ್‌ಗಳು ಇದರ ಭಾರ ತಾಳಬೇಕು. ಸುಧಾರಿತ ‘ಮಾರ್ಕ್ 1ಎ’ ಮಾದರಿಯ ತೂಕ 68 ಟನ್‌ಗೆ ಏರಿದರೂ ಎಂಜಿನ್ ಮಾತ್ರ 1,400 ಅಶ್ವಶಕ್ತಿಯದೇ. ಅಂದರೆ ಹಳೆಯ ಅರ್ಜುನ್‌ನಲ್ಲಿ ಟನ್ನಿಗೆ ಸುಮಾರು 24 ಅಶ್ವಶಕ್ತಿ ದೊರೆತರೆ, ಇದರಲ್ಲಿ ಸುಮಾರು 20.6 ಮಾತ್ರ; ಟಿ-90ಯಲ್ಲಿ ಇದು 21.5. ಇಂತಹ 118 ಟ್ಯಾಂಕ್‌ಗಳಿಗೆ 2021ರ ಸೆಪ್ಟೆಂಬರ್‌ನಲ್ಲಿ 7,523 ಕೋಟಿ ರೂಪಾಯಿಯ ಬೇಡಿಕೆ ಸಲ್ಲಿಸಲಾಯಿತು.

ಮದ್ದುಗುಂಡಿನದೂ ಪ್ರತ್ಯೇಕ ಸಮಸ್ಯೆ. ಅರ್ಜುನ್ ನಳಿಕೆಯೊಳಗೆ ಸುರುಳಿ ಗೀರುಗಳಿವೆ. ಟಿ-90 ಮತ್ತು ಟಿ-72ರ ನಳಿಕೆಯ ಒಳಮೈ ನುಣುಪಾಗಿದ್ದು, ಅಳತೆಯೂ ಬೇರೆ. ಹಾಗಾಗಿ ಒಂದರ ಗುಂಡು ಇನ್ನೊಂದಕ್ಕೆ ಆಗದು. ಸೇನೆಯ ಪೂರೈಕೆ ವಿಭಾಗ ಎರಡು ಬಗೆಯ ದಾಸ್ತಾನನ್ನು ನಿಭಾಯಿಸಬೇಕು.

ಪರ್ವತದ ಪಾಠ

2020ರಲ್ಲಿ ಪೂರ್ವ ಲಡಾಖ್‌ನಲ್ಲಿ ಚೀನಾದೊಂದಿಗೆ ಬಿಕ್ಕಟ್ಟು ತಲೆದೋರಿದಾಗ ಅಲ್ಲಿಗೆ ಹೋದದ್ದು ಟಿ-72 ಮತ್ತು ಟಿ-90 ಟ್ಯಾಂಕ್‌ಗಳು. ಎತ್ತರದ ಪ್ರದೇಶಕ್ಕೆ ಇವೂ ಭಾರವೇ ಎಂಬುದು ಮನವರಿಕೆಯಾದ ಬಳಿಕ 25 ಟನ್ ತೂಕದ ‘ಜೋರಾವರ್’ ಹಗುರ ಟ್ಯಾಂಕ್ ರೂಪುಗೊಂಡು, 2024ರ ಜುಲೈನಲ್ಲಿ ಅನಾವರಣಗೊಂಡಿತು.

ವಿದೇಶಿ ಎಂಜಿನ್ನಿನ ಅವಲಂಬನೆ ತಗ್ಗಿಸುವ ಯತ್ನದಲ್ಲಿ ಕರ್ನಾಟಕಕ್ಕೂ ಪಾಲಿದೆ. ಯುದ್ಧ ಟ್ಯಾಂಕ್‌ಗಳಿಗಾಗಿ ದೇಶದಲ್ಲೇ ತಯಾರಾದ ಮೊದಲ 1,500 ಅಶ್ವಶಕ್ತಿಯ ಎಂಜಿನ್ನನ್ನು ಬಿಇಎಂಎಲ್‌ನ ಮೈಸೂರು ಘಟಕದಲ್ಲಿ 2024ರ ಮಾರ್ಚ್ 20ರಂದು ಮೊದಲ ಬಾರಿಗೆ ಚಾಲನೆ ಮಾಡಿ ಪರೀಕ್ಷಿಸಲಾಯಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಟಿ-72ರ ಜಾಗ ತುಂಬಬಲ್ಲ ಹೊಸ ಟ್ಯಾಂಕ್ ಖರೀದಿ ಪ್ರಸ್ತಾವಕ್ಕೂ ರಕ್ಷಣಾ ಖರೀದಿ ಮಂಡಳಿ ಸಮ್ಮತಿಸಿತು. ಸೇತುವೆ ದಾಟುವಷ್ಟು ಹಗುರವಾಗಿಯೂ ಪೆಟ್ಟು ಬಿದ್ದಾಗ ಒಳಗಿನವರನ್ನು ಉಳಿಸುವಷ್ಟು ಭದ್ರವಾಗಿಯೂ ಇರಬೇಕಾದ ಸವಾಲು ಹೊಸ ಟ್ಯಾಂಕಿನ ವಿನ್ಯಾಸಕಾರರಿಗೂ ತಪ್ಪಿದ್ದಲ್ಲ.